ಟ್ರಯಲ್ ಮಾವ ಕ್ಯಾಮೆರಾ ಕೊಂಡದ್ದು

ನಮ್ಮ ಸೋದರಮಾವನಿಗೆ ಜನರ ಮುಖ ನೆನಪಿರುವುದಿಲ್ಲ. ಇದು ಕಾಯಿಲೆಯಲ್ಲ, ಕಸುಬಿನ ಫಲ. ನಲವತ್ತು ವರ್ಷದಿಂದ ಟೇಲರ್ ಅಂಗಡಿ ನಡೆಸುತ್ತಿರುವ ಮನುಷ್ಯ. ಎದುರಿಗೆ ಯಾರೇ ಬಂದು ನಿಂತರೂ ಮಾವನ ಕಣ್ಣು ಕಾಲರಿನಲ್ಲಿ ಶುರುವಾಗಿ ಪ್ಯಾಂಟಿನ ಅಂಚಿನಲ್ಲಿ ಮುಗಿಯುತ್ತದೆ. ಬೀದಿಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ಅವರ ಹೆಗಲು ನೋಡುತ್ತಾರೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಎದೆ ನಲವತ್ತೆರಡು, ಎಡಭುಜ ಅರ್ಧ ಇಂಚು ಇಳಿ, ಇವರು ಬ್ಯಾಂಕಿನ ಕ್ಯಾಷಿಯರ್ ಅಲ್ಲವೇ ಎಂದು ಪಿಸುಗುಟ್ಟುತ್ತಾರೆ. ನಾನು ಹೌದು ಎಂದ ಮೇಲೆಯೇ ತಿರುಗಿ ನಗುವುದು. ಅಷ್ಟರಲ್ಲಿ ಕ್ಯಾಷಿಯರ್ ಬೇಸರಪಟ್ಟುಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ.

ಮನೆಮಂದಿಯೆಲ್ಲ ಅವರನ್ನು ಟ್ರಯಲ್ ಮಾವ ಎನ್ನುವುದು. ಅಂಗಡಿಯ ಗೋಡೆಯ ಮೇಲೆ 'ಟ್ರಯಲ್ ಇಲ್ಲದೆ ಡೆಲಿವರಿ ಇಲ್ಲ' ಎಂದು ಬರೆಸಿಟ್ಟಿದ್ದಾರೆ, ಮತ್ತು ಅದನ್ನು ಬಟ್ಟೆಗಷ್ಟೇ ಅನ್ವಯಿಸಿ ಸುಮ್ಮನಿರುವ ಜಾಯಮಾನ ಅವರದಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಅವರು ಹೊಲಿದುಕೊಟ್ಟ ಚೀಲಕ್ಕೆ ಪುಸ್ತಕ ತುಂಬಿಸಿ, ನನ್ನನ್ನು ಬೀದಿಯ ಕೊನೆಯವರೆಗೆ ನಡೆಸಿ, ವಾಪಸ್ ಓಡಿಸಿ ನೋಡಿದ್ದರು. ದಿಂಬಿನ ಕವರಿಗೂ ಟ್ರಯಲ್, ಹೊದಿಕೆಗೂ ಟ್ರಯಲ್. ಮಂಚ ಕೊಳ್ಳಲು ಹೋದವರು ಅಂಗಡಿಯಲ್ಲೇ ಮುಕ್ಕಾಲು ಗಂಟೆ ನಿದ್ದೆ ಹೊಡೆದು, ಎದ್ದು, ಎಡಗಡೆ ಸ್ವಲ್ಪ ಲೂಸು ಎಂದು ಹೇಳಿ ಬರಿಗೈಯಲ್ಲಿ ಬಂದಿದ್ದರು. ಆ ಮಂಚದ ಅಂಗಡಿಯವ ಈಗಲೂ ಮಾವನನ್ನು ಕಂಡರೆ ಬಾಗಿಲು ಅರ್ಧ ಎಳೆದುಕೊಳ್ಳುತ್ತಾನೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ಪರದೆಯ ಆಚೆ, ಅತ್ತೆ ಕೂರುತ್ತಾರೆ. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಸುವುದು ಅತ್ತೆಯ ಕೆಲಸ. ಬಾಯಿ ಬಿಟ್ಟರೆ ನಿಜವೇ ಬರಬೇಕು ಎನ್ನುವ ಹೆಂಗಸು. ಇವತ್ತು ಎಷ್ಟು ಕಾಜಾ ಆಯಿತು ಎಂದರೆ ಮೂವತ್ತೊಂದು ಎನ್ನುತ್ತಾರೆ. ಹತ್ತಿರ ಹತ್ತಿರ ಮೂವತ್ತು ಎಂದು ಸುಲಭ ಮಾಡಿ ಹೇಳುವ ಅಭ್ಯಾಸವಿಲ್ಲ. ಮಂಡಿನೋವಿಗೆ ನಡೆಯಬೇಕು ಎಂದು ಡಾಕ್ಟರು ಹೇಳಿದಾಗಿನಿಂದ ದಿನಾ ಬೆಳಿಗ್ಗೆ ಹೊಳೆಯ ಹಳೇ ಸೇತುವೆಯವರೆಗೆ ನಡೆದು ಬರುತ್ತಾರೆ. ಬಂದು ಸೂಜಿ ಹಿಡಿದು ಕೂತ ಮೇಲೆ ಪರದೆಯ ಆಚೆಯಿಂದ ಅವತ್ತಿನ ಸುದ್ದಿ ಶುರು. ಮೂಲೆಮನೆಯವರು ಗೇಟಿಗೆ ಬಣ್ಣ ಹೊಡೆದರು, ಡಿಪೋ ಹತ್ತಿರದ ನಾಯಿ ಐದು ಮರಿ ಹಾಕಿದೆ, ಅದರಲ್ಲಿ ಒಂದಕ್ಕೆ ಬಾಲವಿಲ್ಲ. ಮಾವ ಮೆಷಿನ್ ತುಳಿಯುತ್ತಾ ಹೂಂ, ಹೂಂ ಎನ್ನುತ್ತಿದ್ದರು. ಹೀಗೇ ಇಬ್ಬರ ಸಂಸಾರ ಸಾಗಿತ್ತು.

ಇಂಥ ಅತ್ತೆ ಹೋದ ವರ್ಷ ಒಂದು ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಅವತ್ತು ಬೆಳಿಗ್ಗೆ ಸೇತುವೆಯ ಕೆಳಗೆ ಒಂದು ನೀರುನಾಯಿ ನೋಡಿದೆ ಎಂದರು. ಬಂಡೆಯ ಮೇಲೆ ಕೂತಿತ್ತಂತೆ, ಮೀಸೆ ಇತ್ತಂತೆ, ಎರಡೂ ಕೈಯಲ್ಲಿ ಮೀನು ಹಿಡಿದು ತಿನ್ನುತ್ತಿತ್ತಂತೆ. ತಮ್ಮನ್ನು ಒಮ್ಮೆ ನೋಡಿ, ಇವರೇನೂ ಮಾಡುವವರಲ್ಲ ಎಂದುಕೊಂಡು ಊಟ ಮುಂದುವರಿಸಿತು ಎಂದೂ ಹೇಳಿದರು. ಆ ಹೊಳೆಯಲ್ಲಿ ಪ್ಲಾಸ್ಟಿಕ್ ಚೀಲ ಬಿಟ್ಟರೆ ಬೇರೆ ಪ್ರಾಣಿಯನ್ನು ನಾವ್ಯಾರೂ ಕಂಡವರಲ್ಲ. ಆಗ ಮಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

"ಕನ್ನಡಕ ಬದಲಾಯಿಸು. ಅದೇ ಹೆಗ್ಗಣ ಆಗುತ್ತೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪನಿಗೆ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ನೀರು ಕುಡಿದು ಸುಧಾರಿಸಿಕೊಂಡ ಅಪ್ಪ, ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕಮ್ಮಾ ಎಂದು ಬುದ್ಧಿಯನ್ನೂ ಹೇಳಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಮ್ಮ ಮನೆಯವರಿಗೆ ಒಂದು ತಮಾಷೆ ಸಿಕ್ಕಿದರೆ ಅದನ್ನು ನೂಲು ನೂಲಾಗುವವರೆಗೆ ಒಗೆಯುತ್ತೇವೆ. ಅಡುಗೆಮನೆಯಲ್ಲಿ ಇಲಿ ಕಂಡರೆ ಅಪ್ಪ ಅತ್ತೆಗೆ ಫೋನು ಮಾಡಿ, ನಿಮ್ಮ ನೀರುನಾಯಿ ನಮ್ಮನೆಗೆ ಬಂದಿದೆ ಎನ್ನುವರು. ಅಮ್ಮ ಮೀನು ತಂದಾಗಲೆಲ್ಲ ಒಂದು ತುಂಡು ಅದಕ್ಕೂ ಇಡು ಎನ್ನುವಳು. ನಾನೂ ಏನು ಕಡಿಮೆಯಿಲ್ಲ. ಕನ್ನಡಕ ಹಾಕಿದ ಹೆಗ್ಗಣದ ಚಿತ್ರ ಬರೆದು ಅತ್ತೆಯ ಮೊಬೈಲಿಗೆ ಕಳಿಸಿದ್ದೆ. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅತ್ತೆ ಜಗಳವಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಸುದ್ದಿ ಹೇಳುವುದನ್ನು ನಿಲ್ಲಿಸಿದರು, ಅಷ್ಟೇ. ಮಾವನಿಗೆ ಇದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು. ಒಂದು ದಿನ ಮೆಷಿನ್ ತುಳಿಯುತ್ತಾ ಹೂಂ ಎಂದರಂತೆ. ಆಮೇಲೆ ನೋಡಿದರೆ, ಪರದೆಯ ಆಚೆಯಿಂದ ಯಾರೂ ಏನೂ ಹೇಳಿರಲಿಲ್ಲ. ಎಷ್ಟು ದಿನದಿಂದ ಹೀಗೆ ಯಾರೂ ಆಡದ ಮಾತಿಗೆ ಹೂಂಗುಟ್ಟುತ್ತಿದ್ದೇನೆ ಎಂದು ಗಾಬರಿಯಾಗಿ, ಪರದೆ ಸರಿಸಿ, ಇವತ್ತು ವಾಕಿಂಗಿನಲ್ಲಿ ಏನು ನೋಡಿದೆ ಎಂದು ಕೇಳಿದರು.

"ರಸ್ತೆ," ಎಂದರು ಅತ್ತೆ, ಸೂಜಿಗೆ ದಾರ ಪೋಣಿಸುತ್ತಾ.

ಮರುದಿನ ಮಾವ ನಾನು ಕೆಲಸ ಮಾಡುವ ಗ್ರಂಥಾಲಯಕ್ಕೇ ಬಂದರು. ವರದಿ ಪುಸ್ತಕಗಳ ಕಪಾಟಿನ ಹಿಂದೆ ನನ್ನನ್ನು ಕರೆದುಕೊಂಡು ಹೋಗಿ, ನಡೆದದ್ದೆಲ್ಲ ಹೇಳಿ, ಒಂದು ಒಳ್ಳೇ ಕ್ಯಾಮೆರಾ ಕೊಡಿಸು ಪುಟ್ಟಿ ಎಂದರು. ನನಗೆ ಮೂವತ್ತನಾಲ್ಕು ವರ್ಷ, ಆದರೂ ನಾನು ಪುಟ್ಟಿ. ಆ ಪ್ರಾಣಿಯ ಫೋಟೋ ಹಿಡಿದು ಎಲ್ಲರ ಮುಂದೆ ಇಟ್ಟುಬಿಟ್ಟರೆ ಅವಳ ಮಾತು ಉಳಿಯುತ್ತದೆ, ಎಲ್ಲರ ಬಾಯಿ ಮುಚ್ಚುತ್ತದೆ, ಮೊದಲು ನನ್ನದೇ ಮುಚ್ಚಲಿ ಎಂಬುದು ಅವರ ಲೆಕ್ಕಾಚಾರ. ಹೋಗಿ ತಪ್ಪಾಯಿತು, ನಿನ್ನ ಮಾತು ನಂಬುತ್ತೇನೆ ಅನ್ನಿ ಮಾವ, ಕ್ಯಾಮೆರಾಕ್ಕಿಂತ ಅಗ್ಗ ಎಂದು ನಾನು ಹೇಳಿನೋಡಿದೆ.

"ಟ್ರಯಲ್ ನೋಡದೆ ಹೇಗೆ ನಂಬೋದು?" ಎಂದರು. ತಮಾಷೆಗಲ್ಲ, ನಿಜವಾಗಿ ಕೇಳಿದರು.

ಇನ್ನೊಂದು ವಿಷಯವೂ ಇತ್ತು. ತಪ್ಪಾಯಿತು ಎಂಬ ಪದ ಮಾವನ ಅಂಗಡಿಯಲ್ಲಿ ಇಲ್ಲ. ತೋಳು ಗಿಡ್ಡವಾದರೆ ಗಿರಾಕಿಯ ಕೈ ಬೆಳೆದಿದೆ ಎನ್ನುತ್ತಾರೆ. ಸೊಂಟ ಬಿಗಿಯಾದರೆ ಊಟ ಕಡಿಮೆ ಮಾಡಿ ಎನ್ನುತ್ತಾರೆ. ಹೆಂಡತಿಯ ಮುಂದೆ ಆ ಪದವನ್ನು ಹೊಸದಾಗಿ ಉಚ್ಚರಿಸುವುದಕ್ಕಿಂತ ಕ್ಯಾಮೆರಾ ಕೊಳ್ಳುವುದೇ ಅವರಿಗೆ ಸುಲಭವಾಗಿ ಕಂಡಿತು.

ಮನೆಯಲ್ಲಿ ಹೇಳಿಕೊಂಡದ್ದು ಬೇರೆ. ಕುಟುಂಬದ ಫೋಟೋ ಒಂದೂ ನೆಟ್ಟಗಿಲ್ಲ, ಅದಕ್ಕಾಗಿ. ಜೊತೆಗೆ ಹೊರಗೆ ಹೋದಾಗ ಪ್ರಾಣಿಪಕ್ಷಿಯೂ ಸಿಕ್ಕರೆ ಆಯಿತು ಎಂದರು. ಹೀಗೆ ಷರತ್ತು ಮೂರಾದವು: ಮನೆಮಂದಿಗೂ ಆಗಬೇಕು, ಕಾಡುಪ್ರಾಣಿಗೂ ಆಗಬೇಕು, ಬೆಲೆ ಒಂದು ಹೊಲಿಗೆ ಮೆಷಿನ್ನಿನ ಬೆಲೆ ದಾಟಬಾರದು. ಮೊದಲ ಎರಡು ನಮ್ಮನೆಯಲ್ಲಿ ಬೇರೆ ಬೇರೆ ಅಲ್ಲವಲ್ಲ, ಒಂದೇ ಕ್ಯಾಮೆರಾ ಸಾಕು ಎಂದರು ಅಪ್ಪ.

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ಅಲ್ಲಿಯ ಮಾರಾಟದವನು ಅಂಗೈಯಷ್ಟು ಕ್ಯಾಮೆರಾ ತೋರಿಸಿದ, ಬೆಲೆ ಹೇಳಿದ. ಮಾವನ ಮುಖ ಅರಳಿತು. ದೂರದ ಪ್ರಾಣಿ ಹಿಡಿಯುವುದಕ್ಕೆ ಬೇರೆ ಲೆನ್ಸ್ ಬೇಕು ಸಾರ್ ಎಂದು ಮೊಣಕೈ ಉದ್ದದ ಇನ್ನೊಂದು ಕೊಳವೆ ತಂದಿಟ್ಟ. ಅದರ ಬೆಲೆ ಮೂರು ಹೊಲಿಗೆ ಮೆಷಿನ್ನು, ಮೇಲೊಂದು ಇಸ್ತ್ರಿಪೆಟ್ಟಿಗೆ. ಮೂಗಿಗಿಂತ ಮೂಗುತಿ ಭಾರ ಎಂದು ಮಾವ ಎದ್ದರು. ಏಳುವ ಮುಂಚೆ ಕ್ಯಾಮೆರಾದ ಕುತ್ತಿಗೆ ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡಿ, ಇಷ್ಟು ಭಾರಕ್ಕೆ ಒಂಟಿ ಹೊಲಿಗೆ ಹಾಕಿದ್ದೀರಿ, ನಾಚಿಕೆ ಆಗಬೇಕು ಎಂದು ಅವನಿಗೇ ಬೈದರು. ಅವನು ಕ್ಷಮೆ ಕೇಳಿದ. ಪಾಪ, ಪಟ್ಟಿ ಹೊಲಿದದ್ದು ಅವನಲ್ಲ.

ಮುಂದಿನದು ಮೊಬೈಲ್ ಅಂಗಡಿ. ಈಗೆಲ್ಲ ಫೋನಿನಲ್ಲೇ ಎಲ್ಲ ಆಗುತ್ತದೆ ಎಂದ ಆ ಅಂಗಡಿಯವಳು ಹೊಸ ಫೋನೊಂದನ್ನು ಮಾವನ ಕೈಗೆ ಕೊಟ್ಟಳು. ಟ್ರಯಲ್ಲಿಗೆಂದು ಬೀದಿಗೆ ಬಂದು ದೀಪದ ಕಂಬದ ಮೇಲಿನ ಕಾಗೆಯತ್ತ ಹಿಡಿದು, ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಒತ್ತಿದರು. ಬಿಳೀ ಅಂಗಿಯ ಮೇಲೆ ಇಸ್ತ್ರಿ ಮರೆತಿಟ್ಟರೆ ಬೀಳುವ ಕಲೆಯ ಹಾಗೆ ಬಂತು ಕಾಗೆ. ಹತ್ತಿರದ ಮನುಷ್ಯರಿಗೆ ಚೆನ್ನಾಗಿದೆ, ದೂರದ ಕಾಗೆಗೆ ಸಾಲದು ಎಂದು ಫೋನು ಒರೆಸಿ ವಾಪಸ್ ಕೊಟ್ಟರು.

ಮೂರನೆಯದು ಒಂದು ಇಕ್ಕಟ್ಟಾದ ಮಹಡಿ ಮೆಟ್ಟಿಲ ಮೇಲಿನ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ರಿಪೇರಿಯವರು ತಲೆ ಎತ್ತದೆ, ಕೂತ್ಕೊಳ್ಳಿ ಎಂದರು. ತಲೆ ಎತ್ತದೆ ಮಾತಾಡುವವರನ್ನು ಕಂಡರೆ ಮಾವನಿಗೆ ಗೌರವ. ಷರತ್ತು ಮೂರನ್ನೂ ಕೇಳಿದ ರಿಪೇರಿಯವರು ಕಪಾಟಿನಿಂದ ಒಂದು ಹಳೇ ಕ್ಯಾಮೆರಾ ತೆಗೆದರು. ಲೆನ್ಸ್ ಬದಲಿಸುವ ತಂಟೆಯಿಲ್ಲ. ಇರುವ ಒಂದೇ ಲೆನ್ಸ್ ಕೋಣೆಯೊಳಗಿನ ನಾಲ್ಕು ಜನರನ್ನೂ ಹಿಡಿಯುತ್ತದೆ, ಗುಂಯ್ ಎಂದು ಮುಂದೆ ಬಂದು ಆಚೆದಡದ ಹಕ್ಕಿಯನ್ನೂ ಹಿಡಿಯುತ್ತದೆ. ಬೆಳಕು ಕಡಿಮೆಯಾದರೆ ಚಿತ್ರ ಸ್ವಲ್ಪ ಒರಟು, ಒಂದು ಚಿತ್ರ ತೆಗೆದ ಮೇಲೆ ಇನ್ನೊಂದಕ್ಕೆ ಸ್ವಲ್ಪ ಕಾಯಬೇಕು. ಇಷ್ಟು ದೋಷವನ್ನು ಅವರೇ ಹೇಳಿದರು.

ಮಾವ ತನಿಖೆ ಶುರುಮಾಡಿದರು. ಚಿತ್ರದಲ್ಲಿ ಎಷ್ಟು ಚುಕ್ಕಿ ಇರುತ್ತವೆ ಎಂಬುದು ಬಟ್ಟೆಯಲ್ಲಿ ಇಂಚಿಗೆ ಎಷ್ಟು ಎಳೆ ಎಂಬ ಹಾಗೆಯೋ ಎಂದರು. ಹೆಚ್ಚುಕಡಿಮೆ ಹಾಗೆಯೇ, ಆದರೆ ಎಳೆ ಜಾಸ್ತಿ ಎಂದ ಮಾತ್ರಕ್ಕೆ ಬಟ್ಟೆ ಒಳ್ಳೆಯದು ಅನ್ನುವ ಹಾಗಿಲ್ಲವಲ್ಲ ಎಂದರು ರಿಪೇರಿಯವರು. ಮಾವ ಖುಷಿಯಾಗಿ ನನ್ನ ಕಡೆ ನೋಡಿದರು. ಕೊರಳಲ್ಲಿದ್ದ ಟೇಪು ತೆಗೆದು, ಲೆನ್ಸ್ ಒಳಗಿದ್ದಾಗ ಎಷ್ಟು, ಹೊರಗೆ ಬಂದಾಗ ಎಷ್ಟು ಎಂದು ಅಳೆದರು. ಮೂರೂಕಾಲು ಇಂಚು ಹಿಗ್ಗುತ್ತದೆ, ಬರೆದುಕೋ ಎಂದರು. ನಾನು ಬರೆದುಕೊಂಡೆ, ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಚೀಲ ತಿರುವಿ ಒಳಹೊಲಿಗೆ ನೋಡಿದರು. ಡಬಲ್ ಹೊಲಿಗೆ, ಮೂಲೆ ಬಿಚ್ಚದಂತೆ ಅಡ್ಡ ಟಾಕಿ. ಅಲ್ಲಿಗೆ ವ್ಯಾಪಾರ ಮುಗಿಯಿತು. ನಾನು ಎರಡು ವಾರ ಅಂತರ್ಜಾಲದಲ್ಲಿ ಓದಿ ಕಲೆಹಾಕಿದ್ದನ್ನೆಲ್ಲ ಬದಿಗಿಟ್ಟು, ಆ ಕ್ಯಾಮೆರಾ ಆಯ್ಕೆಯಾದದ್ದು ಅದರ ಚೀಲದ ಹೊಲಿಗೆಯಿಂದ.

"ಎಲ್ಲರಿಗೂ ಆಗೋ ಅಂಗಿ ಯಾರಿಗೂ ಸರಿಯಾಗಿ ಕೂರಲ್ಲ," ಎಂದರು ಮಾವ ಮೆಟ್ಟಿಲಿಳಿಯುತ್ತಾ. "ಆದ್ರೆ ಬರಿಮೈಲಿ ಇರೋದಕ್ಕಿಂತ ವಾಸಿ."

ಆ ಭಾನುವಾರವೇ ನಮ್ಮ ಮನೆಯಲ್ಲಿ ಟ್ರಯಲ್. ಮಾವ ಎಲ್ಲರನ್ನೂ ಗೋಡೆಗೆ ನಿಲ್ಲಿಸಿದರು. ಕೈ ಕೆಳಗೆ ಬಿಡಿ, ಉಸಿರು ಬಿಡಿ, ಹೊಟ್ಟೆ ಎಳ್ಕೋಬೇಡಿ, ಸಹಜವಾಗಿ ನಿಲ್ಲಿ. ಬಂದು ಅಪ್ಪನ ಕಾಲರ್ ಸರಿಮಾಡಿದರು, ನನ್ನ ಅಣ್ಣನ ತೋಳಿನ ಸುಕ್ಕು ಬಿಡಿಸಿದರು. ಇಪ್ಪತ್ತು ಚಿತ್ರ ತೆಗೆದರು. ಟೀವಿಗೆ ಹಚ್ಚಿ ನೋಡಿದರೆ ಇಪ್ಪತ್ತರಲ್ಲೂ ಒಂದೇ ಒಂದು ತಲೆಯಿಲ್ಲ. ಅಂಗಿಯ ಗುಂಡಿಗಳು ಎಣಿಸುವಷ್ಟು ಸ್ಪಷ್ಟ, ಸೀರೆಯ ನೆರಿಗೆ ಒಂದೊಂದೂ ಲಕ್ಷಣ. ಕುತ್ತಿಗೆಯ ಮೇಲೆ ಯಾರಿಗೂ ಏನೂ ಇಲ್ಲ.

ಯಾರು ಇವರೆಲ್ಲ ಎಂದರು ಅಪ್ಪ. ಮಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದು ನೀವು ಭಾವ, ಬಲಗಡೆ ಹೊಟ್ಟೆ ಸ್ವಲ್ಪ ಮುಂದೆ. ಇದು ಅಕ್ಕ, ಬೆನ್ನು ಬಾಗಿದೆ. ಇದು ಪುಟ್ಟಿ, ಒಂದು ತೋಳು ಇನ್ನೊಂದಕ್ಕಿಂತ ಉದ್ದ ಎಂದು ತಡವರಿಸದೆ ಹೇಳುತ್ತಾ ಹೋದರು. ನನ್ನ ತೋಳಿನ ವಿಷಯ ನನಗೇ ಗೊತ್ತಿರಲಿಲ್ಲ. ಅವತ್ತು ಸಂಜೆಯೆಲ್ಲ ಕನ್ನಡಿಯ ಮುಂದೆ ಕಳೆದೆ. ಎಲ್ಲ ಚೆನ್ನಾಗಿಯೇ ಬಂದಿದೆಯಲ್ಲ ಎಂದು ಮಾವ ಪೂರ್ತಿ ನಂಬಿದ್ದರು. ಅತ್ತೆ ಮಾತ್ರ ಟೀವಿಯನ್ನು ನೋಡಿ, ಸಣ್ಣಗೆ ನಕ್ಕು, ತಟ್ಟೆ ತೊಳೆಯಲು ಒಳಗೆ ಹೋದರು. ತಮ್ಮ ಫೋಟೋ ಯಾವುದು ಎಂದೂ ಕೇಳಲಿಲ್ಲ.

ಪ್ರಾಣಿಪಕ್ಷಿಗಳ ಗತಿಯೂ ಅಷ್ಟೇ. ಕೊಕ್ಕರೆಯ ಕಾಲು ಬಂತು, ಕೊಕ್ಕು ಬರಲಿಲ್ಲ. ಹಸುವಿನ ಹೊಟ್ಟೆ ಬಂತು. ಒಂದು ಅಳಿಲಿನ ಬೆನ್ನ ಮೇಲಿನ ಪಟ್ಟೆಯನ್ನು ಹಿಗ್ಗಿಸಿ ತೋರಿಸಿ, ಮೂರೂ ಪಟ್ಟೆ ಎಷ್ಟು ಸಮ ಕೂತಿವೆ ನೋಡು, ಇಂಥ ಕಟಿಂಗ್ ನನ್ನಿಂದ ಸಾಧ್ಯವಿಲ್ಲ ಎಂದು ಕೈ ಮುಗಿದರು. ಅಳಿಲಿಗೆ ಮೂತಿ ಇತ್ತೋ ಇಲ್ಲವೋ ಫೋಟೋ ನೋಡಿದವರಿಗೆ ತಿಳಿಯುವಂತಿರಲಿಲ್ಲ. ನನಗೆ ಚಿಂತೆ ಹತ್ತಿತು. ನೀರುನಾಯಿ ನಿಜವಾಗಿ ಸಿಕ್ಕಿದರೂ ಇವರು ತೆಗೆಯುವುದು ಒಂದು ಒದ್ದೆ ಹೊಟ್ಟೆಯನ್ನು. ಅಪ್ಪ ಅದನ್ನು ಹೆಗ್ಗಣ ಎಂದೇ ತೀರ್ಮಾನಿಸುತ್ತಾರೆ, ಅತ್ತೆ ಇನ್ನೊಂದು ಸಲ ಎಲ್ಲರ ಮುಂದೆ ಸೋಲುತ್ತಾರೆ. ಹಾಗಾಗಬಾರದೆಂದು ಕ್ಯಾಮೆರಾದ ಪರದೆಯ ಮೇಲ್ಭಾಗದಲ್ಲಿ ಟೇಲರ್ ಚಾಕಿನಿಂದಲೇ ಒಂದು ಗೆರೆ ಎಳೆದು, ತಲೆ ಈ ಗೆರೆಗೆ ತಾಗಬೇಕು ಎಂದು ಹೇಳಿಕೊಟ್ಟೆ. ಹತ್ತು ನಿಮಿಷದಲ್ಲಿ ಅವರು ಗೆರೆಯನ್ನು ಉಜ್ಜಿ ತೆಗೆದಿದ್ದರು. ತಯಾರಾದ ಮಾಲಿನ ಮೇಲೆ ಚಾಕಿನ ಗುರುತು ಬಿಡುವವನು ಟೇಲರೇ ಅಲ್ಲ ಎಂದರು.

ಆಮೇಲೆ ಬಂತು ಕೋಟು. ಕಾಡಿನಲ್ಲಿ ಫೋಟೋ ತೆಗೆಯುವವರು ಪ್ರಾಣಿಗೆ ಕಾಣದ ಹಾಗೆ ಬಣ್ಣ ಬಣ್ಣದ ಬಟ್ಟೆ ಹಾಕುತ್ತಾರೆ ಎಂದು ಯಾರೋ ಗಿರಾಕಿ ಹೇಳಿದ್ದರು. ಮಾವ ಅಂಗಡಿಯ ಚಿಂದಿ ಮೂಟೆ ಬಿಚ್ಚಿದರು. ಶಾಲೆಯ ಸಮವಸ್ತ್ರದ ಹಸಿರು, ಹೂವಿನ ಪರದೆಯ ತುಂಡು, ಸೋಫಾ ಕವರಿನ ಕಂದು, ಸಾಲದೆ ಬಂದಾಗ ಹೆಗಲಿಗೆ ಕೆಂಪು ಸ್ಯಾಟಿನ್. ಹನ್ನೊಂದು ಜೇಬು, ಎರಡು ಸಲ ಟ್ರಯಲ್. ಆ ಕೋಟು ಹಾಕಿ ಸೇತುವೆಯ ಪಕ್ಕ ಕೂತರೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಗಾಳ ಹಾಕಲು ಬರುವ ಒಬ್ಬ ಮುದುಕರು ಮೂರು ವಾರ ಸುಮ್ಮನಿದ್ದು, ನಾಲ್ಕನೇ ವಾರ ನನ್ನನ್ನು ಕರೆದು, ಇವರನ್ನು ಡಾಕ್ಟರಿಗೆ ತೋರಿಸ್ತಾ ಇದ್ದೀರಾ ತಾನೆ ಎಂದು ಮರುಕದಿಂದ ವಿಚಾರಿಸಿದರು.

ಆರು ಭಾನುವಾರ ಬೆಳಿಗ್ಗೆ ನಾನೂ ಮಾವನೂ ಹೀಗೆ ಕೂತೆವು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ನಮಗೆ ನಾಲ್ಕನೆಯ ವಾರ ನಿಜವಾಗಿಯೂ ಇಲಿಯೇ ಸಿಕ್ಕಿತು. ಅತ್ತೆಯನ್ನು ಮಾವ ಪ್ರತಿ ವಾರ ಕರೆಯುತ್ತಿದ್ದರು. ಎಲ್ಲಿ, ಯಾವ ಬಂಡೆ, ಎಷ್ಟು ಹೊತ್ತಿಗೆ ಎಂದು ಬಂದು ತೋರಿಸಬಾರದೇ ಎಂದರೆ, ನಾನು ವಾಕಿಂಗಿಗೆ ಹೋಗುವವಳು, ಸಾಕ್ಷಿ ಹೇಳಲು ಹೋಗುವವಳಲ್ಲ ಎಂದು ಅತ್ತೆ ಬೇರೆ ದಾರಿ ಹಿಡಿಯುತ್ತಿದ್ದರು. ಮಾವ ಕೆಸರಲ್ಲಿ ಕೂತು ಶೀತ ಹಿಡಿಸಿಕೊಂಡರು. ಸೀನಿದಾಗಲೆಲ್ಲ ಲೆನ್ಸ್ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಸಾಕು ಮಾವ ಎಂದೆ ಒಂದು ದಿನ. ಅವಳು ಹಿಂದಿನ ಹಾಗೆ ಮಾತಾಡುವವರೆಗೂ ಬರುತ್ತೇನೆ ಎಂದರು. ಆವರೆಗೆ ಅವರ ಮೇಲೆ ನನಗಿದ್ದದ್ದು ಸಿಟ್ಟು. ಅವತ್ತು ಮೊದಲ ಸಲ ಪಾಪ ಅನ್ನಿಸಿತು.

ಏಳನೇ ಭಾನುವಾರ ಕ್ಯಾಮೆರಾದ ಗುಂಡಿ ಒತ್ತಿದರೆ ಸದ್ದೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಹಾಗೆ ಮಾವ ರಿಪೇರಿಯವರನ್ನು, ಹವೆಯನ್ನು, ಕೊನೆಗೆ ನನ್ನನ್ನೂ ಬೈದರು. ತೆರೆದು ನೋಡಿದರೆ ಬ್ಯಾಟರಿಯೇ ಇಲ್ಲ. ರಾತ್ರಿ ಚಾರ್ಜಿಗೆ ಹಾಕಿದ್ದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಹನ್ನೊಂದು ಜೇಬನ್ನೂ ಎರಡು ಸಲ ತಡಕಿ ಮುಗಿಸುವಷ್ಟರಲ್ಲಿ ಅತ್ತೆ ಸೇತುವೆಯ ಮೆಟ್ಟಿಲಿಳಿದು ಬರುವುದು ಕಾಣಿಸಿತು. ಕೈಯಲ್ಲಿ ಕರವಸ್ತ್ರ, ಅದರಲ್ಲಿ ಸುತ್ತಿದ ಬ್ಯಾಟರಿ. ಚಾರ್ಜರಿನ ಮೇಲೆ ದೀಪ ಉರಿಯುತ್ತಿದ್ದದ್ದನ್ನು ಕಂಡರಂತೆ. ಕೊಟ್ಟು ಹೋಗುತ್ತೇನೆ ಎಂದವರು ಮಂಡಿ ನೋಯುತ್ತಿತ್ತೆಂದು ಮಾವನ ಪಕ್ಕದ ಕಲ್ಲಿನ ಮೇಲೆ ಕೂತರು. ನಾನು ಮೂವರಿಗೂ ಟೀ ತರುತ್ತೇನೆಂದು ಮೇಲೆ ರಸ್ತೆಗೆ ಹೋದೆ. ಆರು ವಾರ ಅಲ್ಲಾಡದೆ ಕೂತಿದ್ದವಳು ಎದ್ದು ಹೋದದ್ದು ಹತ್ತೇ ನಿಮಿಷ. ನನ್ನ ಹಣೆಬರಹ.

ಆ ಹತ್ತು ನಿಮಿಷದಲ್ಲಿ ನಡೆದದ್ದನ್ನು ಮಾವ ಹೇಳಿದ ಹಾಗೆ ಹೇಳುತ್ತೇನೆ. ಅವರು ನೀರನ್ನೇ ನೋಡುತ್ತಿದ್ದರು. ಏನೂ ಇರಲಿಲ್ಲ. ಅತ್ತೆ ಇದ್ದಕ್ಕಿದ್ದಂತೆ ಅವರ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದರು. ಟೇಲರ್ ಅಲ್ಲವೇ, ಮಾವ ಮೊದಲು ನೋಡಿದ್ದು ತೋಳನ್ನು, ಹೊಲಿಗೆ ಬಿಟ್ಟೀತು ಎಂದು. ಆಮೇಲೆ ತೋಳು ಹಿಡಿದಿದ್ದ ಕೈಯನ್ನು ನೋಡಿದರು. ಆಮೇಲೆ, ಯಾಕೋ ಗೊತ್ತಿಲ್ಲ, ಕಣ್ಣು ಇನ್ನೂ ಮೇಲಕ್ಕೆ ಹೋಯಿತು. ಅತ್ತೆ ನೀರಿನ ಕಡೆ ನೋಡುತ್ತಿದ್ದರು. ಬಾಯಿ ಅರ್ಧ ತೆರೆದಿತ್ತು, ಹುಬ್ಬು ಮೇಲೇರಿತ್ತು, ಇಡೀ ಮುಖ ಬೆಳಗುತ್ತಿತ್ತು. ಮೂವತ್ತೇಳು ವರ್ಷ ಸಂಸಾರ ಮಾಡಿದ್ದೇನೆ, ಈ ಮುಖ ನನಗೆ ಗೊತ್ತೇ ಇರಲಿಲ್ಲ ಪುಟ್ಟಿ ಎಂದರು. ಕ್ಯಾಮೆರಾ ತಿರುಗಿಸಿ ಒತ್ತಿಬಿಟ್ಟರು. ಅಲ್ಲಿ ರೀ, ನನ್ನನ್ನಲ್ಲ, ಅಲ್ಲಿ ಎಂದು ಅತ್ತೆ ಪಿಸುಗುಟ್ಟಿದ ಮೇಲೆ ತಿರುಗಿ ನೋಡಿದರೆ ಬಂಡೆಯ ಮೇಲೆ ಅದು ಕೂತಿತ್ತು. ಮೀಸೆ, ಎರಡು ಕೈ, ಕೈಯಲ್ಲಿ ಮೀನು. ಮಾವನ ಕೆಂಪು ಹೆಗಲನ್ನು ನೋಡಿತು, ನೀರಿಗೆ ಜಾರಿತು. ಕ್ಯಾಮೆರಾ ಇನ್ನೂ ಹಿಂದಿನ ಚಿತ್ರವನ್ನೇ ಒಳಗೆ ತೆಗೆದುಕೊಳ್ಳುತ್ತಿತ್ತು.

ನಾನು ಮೂರು ಟೀ ಹಿಡಿದು ಬಂದಾಗ ಇಬ್ಬರೂ ಖಾಲಿ ಬಂಡೆಯನ್ನು ನೋಡುತ್ತಾ ಕೂತಿದ್ದರು. ಅತ್ತೆ ನಗುತ್ತಿದ್ದರು. ಮಾವ ಪರದೆ ಬಟ್ಟೆಯ ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಳ್ಳುತ್ತಿದ್ದರು. ಶೀತಕ್ಕೆ ಇರಬೇಕು ಎಂದುಕೊಂಡೆ.

ಮುಂದಿನ ಭಾನುವಾರ ಮತ್ತೆ ಎಲ್ಲರೂ ಊಟಕ್ಕೆ ಸೇರಿದೆವು. ಸುದ್ದಿ ಮೊದಲೇ ತಲುಪಿತ್ತು, ಅಪ್ಪ ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಮಾವ ಫೋಟೋ ಹಚ್ಚಿದರು. ಅತ್ತೆಯ ಮುಖ, ಟೀವಿಯ ತುಂಬ. ಸ್ವಲ್ಪ ಅಲ್ಲಾಡಿತ್ತು, ಆದರೆ ತಲೆಗೂದಲಿಂದ ಗಲ್ಲದವರೆಗೆ ಎಲ್ಲ ಇತ್ತು. ಮಾವ ತೆಗೆದ ಫೋಟೋಗಳಲ್ಲಿ ತಲೆ ಇದ್ದದ್ದು ಇದೊಂದೇ. ಕುತ್ತಿಗೆಯ ಕೆಳಗೆ ಏನೂ ಬಂದಿರಲಿಲ್ಲ.

ನೀರುನಾಯಿ ಎಲ್ಲಿ ಎಂದರು ಅಪ್ಪ. ಅಣ್ಣ ಎದ್ದು ಹೋಗಿ ಫೋಟೋವನ್ನು ಹಿಗ್ಗಿಸಿದ. ಅತ್ತೆಯ ಕನ್ನಡಕದ ಗಾಜಿನಲ್ಲಾದರೂ ಅದರ ಬಿಂಬ ಬಿದ್ದಿರಬಹುದು ಎಂದು. ಹಿಗ್ಗಿಸಿ ಹಿಗ್ಗಿಸಿ ನೋಡಿದರೆ ಎರಡೂ ಗಾಜಿನಲ್ಲಿ ಕಂಡದ್ದು ಹೂವಿನ ಪರದೆ, ಕೆಂಪು ಹೆಗಲಿನ ಒಬ್ಬ ಟೇಲರ್. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಪ್ಪ ಶುರುವಿಟ್ಟುಕೊಂಡರು, ಏಳು ವಾರ ಕಾದು ಹೆಂಡತಿಯ ಫೋಟೋ ತೆಗೆದುಕೊಂಡು ಬಂದಿದ್ದೀರಲ್ಲ ಟೇಲರೇ, ಅದಕ್ಕೆ ಹೊಳೆಗೆ ಯಾಕೆ ಹೋಗಬೇಕಿತ್ತು ಎಂದು. ಎಲ್ಲರೂ ನಕ್ಕರು. ಅತ್ತೆ ತಲೆ ತಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು.

ಮಾವ ಎದ್ದು ನಿಂತರು. ಊಟದ ನಡುವೆ ಅವರು ಎದ್ದದ್ದನ್ನು ನಾನು ಹಿಂದೆಂದೂ ನೋಡಿಲ್ಲ.

"ನಾನು ನೋಡ್ದೆ," ಎಂದರು. "ಅವಳು ಹೇಳಿದ ಹಾಗೇ ಇತ್ತು, ಮೀಸೆ ಸಮೇತ. ಹೋದ ವರ್ಷ ಮೊದಲು ತಮಾಷೆ ಮಾಡಿದ್ದು ನಾನು. ತಪ್ಪಾಯ್ತು."

ಆ ಪದ ಅವರ ಬಾಯಿಂದ ಬಂದದ್ದಕ್ಕೆ ಅಮ್ಮ ಸೆರಗು ಕೆಳಗಿಳಿಸಿದಳು. ಅಪ್ಪ ನೀರಿನ ಲೋಟ ಎತ್ತಿ ಕೆಳಗಿಟ್ಟರು. ನಾನೂ ಹೆಗ್ಗಣದ ಚಿತ್ರಕ್ಕೆ ತಪ್ಪಾಯಿತು ಅತ್ತೆ ಎಂದೆ. ಅತ್ತೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ, ಒಂದು ವರ್ಷದಲ್ಲಿ ಮೊದಲ ಸಲ, ಯಾರೂ ಕೇಳದೆ, ತಾವಾಗಿ ಮಾತಾಡಿದರು.

"ಎರಡಿದ್ವು. ಒಂದು ಬಂಡೆ ಮೇಲೆ, ಇನ್ನೊಂದು ಹಿಂದೆ ನೀರಲ್ಲಿ. ಚಿಕ್ಕದು."

ಅಪ್ಪನ ತುಟಿ ಮತ್ತೆ ಒಂದು ಕಡೆಗೆ ಎಳೆಯಿತು. ಪಾಪ, ಅಭ್ಯಾಸಬಲ. ಏನು ಟೇಲರೇ, ನೀವೂ ಎರಡು ನೋಡಿದಿರೋ ಎಂದು ಕೇಳಿದರು.

"ನಾನು ನೋಡಿದ್ದು ಒಂದೇ," ಎಂದರು ಮಾವ, ಕೂತು ಅನ್ನ ಕಲಸುತ್ತಾ. "ಅವಳು ಎರಡು ಅಂದ್ರೆ ಎರಡು."

"ಟ್ರಯಲ್ ಬೇಡ್ವಾ?" ಎಂದರು ಅಪ್ಪ.

"ಬೇಡ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮೂಲೆಮನೆಯವರು ಗೇಟಿನ ಬಣ್ಣ ಮೂರನೇ ಸಲ ಬದಲಾಯಿಸಿದ್ದಾರೆ, ಆ ಬಾಲವಿಲ್ಲದ ನಾಯಿಮರಿ ಈಗ ದೊಡ್ಡದಾಗಿದೆ, ಡಿಪೋದವರೇ ಸಾಕಿಕೊಂಡಿದ್ದಾರೆ ಎಂದು ಒಂದು ವರ್ಷದಿಂದ ಹಿಡಿದಿಟ್ಟಿದ್ದ ಸುದ್ದಿಯನ್ನೆಲ್ಲ ಮೊದಲಿಂದ ಹೇಳತೊಡಗಿದರು. ಮಾವ ಒಂದೊಂದು ಮಾತಿಗೂ ಹೂಂ ಎಂದರು, ಈ ಸಲ ಅವರ ಮುಖ ನೋಡಿಕೊಂಡು. ಅವತ್ತು ಊಟ ಮುಗಿದು ತಟ್ಟೆ ಎತ್ತುವಷ್ಟರಲ್ಲಿ ಸಂಜೆಯಾಗಿತ್ತು.